ನೂರು ಫೈಲು ಸೇರಿ ಒಂದು ಫೈಲು: ಕೋಡ್ ಕೂಡಿಸೋ ಕೆಲಸದ ಚರಿತ್ರೆ

ಇವತ್ತಿನ ಕಥೆ ನಿಮ್ಮ ಕೈಲಿರೋ ಫೋನಿನೊಳಗಿಂದಲೇ ಶುರು.

ಆ ಫೋನಿನಲ್ಲಿ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಪ್ರೋಗ್ರಾಂ ಒಂದಿದೆ. ಆಂಡ್ರಾಯ್ಡ್ ಆದರೂ ಇದೆ, ಐಫೋನ್ ಆದರೂ ಇದೆ. ನಿಮ್ಮ ವಾಟ್ಸ್‌ಆ್ಯಪ್ ಮೆಸೇಜುಗಳು ಫೋನಿನಲ್ಲಿ ಉಳಿದುಕೊಂಡಿರೋದು ಇದರ ಆಸರೆಯಲ್ಲೇ. ಇದನ್ನ ಬರೆಯೋರು ನೂರಕ್ಕೂ ಹೆಚ್ಚು ಫೈಲುಗಳಲ್ಲಿ ಬಿಡಿಬಿಡಿಯಾಗಿ ಬರೀತಾರೆ. ಬೇರೆಯವರ ಕೈಗೆ ಕೊಡುವಾಗ ಮಾತ್ರ ಅಷ್ಟನ್ನೂ ಹೊಲಿದು ಒಂದೇ ಫೈಲು ಮಾಡಿ ಕೊಡ್ತಾರೆ. ಎರಡು ಲಕ್ಷಕ್ಕೂ ಹೆಚ್ಚು ಸಾಲಿರೋ ಒಂದೇ ಒಂದು ಫೈಲು.

ಯಾಕೆ? ಬಿಡಿಬಿಡಿಯಾಗಿ ಬರೆಯೋದೇ ಅನುಕೂಲ ಅಂದ್ಮೇಲೆ ಕೂಡಿಸೋದ್ಯಾಕೆ? ಕೂಡಿಸೋದೇ ಒಳ್ಳೇದು ಅನ್ನೋದಾದ್ರೆ ಮೊದಲೇ ಒಂದರಲ್ಲೇ ಬರೀಬಹುದಿತ್ತಲ್ಲ? ಈ ಎರಡು ಪ್ರಶ್ನೆ ಮಧ್ಯೆ ಎಪ್ಪತ್ತೈದು ವರ್ಷದ ಚರಿತ್ರೆ ಇದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಇದರ ತಿರುಳು ಬೇಗ ಅರ್ಥ ಆಗುತ್ತೆ ಅನ್ನೋದು ನನ್ನ ನಂಬಿಕೆ. ಬಿಡಿಯಾಗಿ ಬಂದದ್ದನ್ನ ಒಂದು ಮಾಡೋದೇ ನಮ್ಮ ಕಡೆಯ ಬದುಕು. ಹತ್ತು ಹೊಲದ ಕಬ್ಬು ಒಂದು ಕೊಪ್ಪರಿಗೆಗೆ ಬರುತ್ತೆ, ಬೆಲ್ಲ ಆಗುತ್ತೆ. ನೂರು ಮನೆ ಹಾಲು ಡೈರಿ ಕ್ಯಾನಿಗೆ ಬರುತ್ತೆ, ಟ್ಯಾಂಕರ್ ಹತ್ತುತ್ತೆ. ಆ ಹಾಲಿನ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ, ನೆನಪಿಟ್ಕೊಳ್ಳಿ.

ಬೀರುವಿನಲ್ಲಿದ್ದ ಕೋಡು

ಮೊದಲು ಒಂದು ಮಾತು ಬಿಡಿಸಿ ಹೇಳ್ತೀನಿ. ಸೋರ್ಸ್ ಫೈಲು ಅಂದ್ರೆ ಮನುಷ್ಯರು ಓದೋಕೆ ಆಗೋ ಹಾಗೆ ಬರೆದ ಪ್ರೋಗ್ರಾಮಿನ ಫೈಲು. ಕಂಪ್ಯೂಟರು ಓಡಿಸೋದು ಅದರಿಂದ ತಯಾರಾದ ಬೇರೆ ರೂಪವನ್ನ. ದೊಡ್ಡ ಪ್ರೋಗ್ರಾಮನ್ನ ಒಬ್ಬರೇ ಒಂದೇ ಫೈಲಿನಲ್ಲಿ ಬರೀತಾ ಹೋದ್ರೆ ಒಂದು ತಿಂಗಳಾದ ಮೇಲೆ ಅವರಿಗೇ ದಾರಿ ತಪ್ಪುತ್ತೆ. ಅದಕ್ಕೇ ಲಾಗಿನ್‌ಗೆ ಒಂದು ಫೈಲು, ಲೆಕ್ಕಕ್ಕೆ ಒಂದು, ಚಿತ್ರ ತೋರಿಸೋಕೆ ಇನ್ನೊಂದು ಅಂತ ಹಂಚಿಕೊಂಡು ಬರೀತಾರೆ.

ಈಗ 1949ಕ್ಕೆ ಹೋಗೋಣ. ಮಂಡ್ಯ ಜಿಲ್ಲೆ ಆಗಿ ಆಗ ಹತ್ತು ವರ್ಷ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡ ಕಟ್ಟಿದ ಎಡ್‌ಸ್ಯಾಕ್ ಅನ್ನೋ ಕಂಪ್ಯೂಟರು ಆ ವರ್ಷ ಮೇ 6ರಂದು ತನ್ನ ಮೊದಲ ಪ್ರೋಗ್ರಾಂ ಓಡಿಸ್ತು. ಕೀಬೋರ್ಡು, ಸ್ಕ್ರೀನು ಎಲ್ಲ ಇಲ್ಲ. ಪ್ರೋಗ್ರಾಂ ಅಂದ್ರೆ ಸಾಲಾಗಿ ತೂತು ಹೊಡೆದ ಕಾಗದದ ಪಟ್ಟಿ. ಅದನ್ನ ಯಂತ್ರಕ್ಕೆ ಕೊಟ್ರೆ ತೂತಿನ ಲೆಕ್ಕದಲ್ಲಿ ಓದಿಕೊಳ್ತಾ ಹೋಗುತ್ತೆ.

ಕೆಲವೇ ದಿನದಲ್ಲಿ ಅಲ್ಲಿಯವರಿಗೆ ಒಂದು ವಿಷಯ ಹೊಳೀತು. ವರ್ಗಮೂಲ ತೆಗೆಯೋ ಲೆಕ್ಕವನ್ನ ಇವತ್ತು ಒಬ್ಬ ಬರೀತಾನೆ, ನಾಳೆ ಇನ್ನೊಬ್ಬ ಅದನ್ನೇ ಮತ್ತೆ ಬರೀತಾನೆ, ಇಬ್ಬರೂ ಬೇರೆಬೇರೆ ತಪ್ಪು ಮಾಡ್ತಾರೆ. ಹಾಗಾದ್ರೆ ಒಂದು ಸಲ ಸರಿಯಾಗಿ ಬರೆದು, ಪರೀಕ್ಷೆ ಮಾಡಿ, ಎಲ್ಲರೂ ಬಳಸೋ ಹಾಗೆ ಇಟ್ಟರೆ? ಡೇವಿಡ್ ವೀಲರ್ ಅನ್ನೋ ಸಂಶೋಧನಾ ವಿದ್ಯಾರ್ಥಿ ಇದಕ್ಕೆ ದಾರಿ ಮಾಡಿದ. ಹೀಗೆ ತಯಾರಾದ ತುಣುಕುಗಳಿಗೆ ಸಬ್‌ರುಟೀನ್ ಅಂತ ಹೆಸರು. 1951ರ ಹೊತ್ತಿಗೆ ಅಂಥ 87 ತುಣುಕು ಸಿದ್ಧವಾಗಿದ್ವು. ಅವನ್ನ ಒಂದು ಸ್ಟೀಲ್ ಬೀರುವಿನಲ್ಲಿ ಜೋಡಿಸಿಟ್ಟಿದ್ದರು.

ನಿಮಗೆ ಬೇಕಾದ ತುಣುಕನ್ನ ಬೀರುವಿನಿಂದ ತೆಗೀಬೇಕು, ನಕಲು ಮಾಡೋ ಯಂತ್ರಕ್ಕೆ ಹಾಕಬೇಕು, ನಿಮ್ಮ ಪಟ್ಟಿಯ ಮೇಲೆ ಅದರ ತೂತುಗಳನ್ನ ಇಳಿಸಿಕೊಳ್ಳಬೇಕು, ಮೂಲವನ್ನ ವಾಪಸು ಇಡಬೇಕು. ಕೊನೆಗೆ ಕೈಯಲ್ಲಿ ಉಳಿಯೋದು ಒಂದೇ ಉದ್ದನೆ ಪಟ್ಟಿ. ಅದರಲ್ಲಿ ನಿಮ್ಮ ಕೋಡೂ ಇದೆ, ಬೀರುವಿನ ಕೋಡೂ ಇದೆ. ಹಲವು ಫೈಲನ್ನ ಒಂದು ಫೈಲು ಮಾಡೋ ಕೆಲಸದ ಮೊದಲ ರೂಪಗಳಲ್ಲಿ ಇದೊಂದು ಅಂತ ಧಾರಾಳವಾಗಿ ಹೇಳಬಹುದು. ಕಮಾಂಡ್ ಇರಲಿಲ್ಲ, ಕೈಯೇ ಕಮಾಂಡು.

ಮೂರು ವರ್ಷದ ನಂತರ, 1952ರಲ್ಲಿ ಅಮೆರಿಕದ ಗ್ರೇಸ್ ಹಾಪರ್ ಈ ಕೈಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಿದರು. ಯೂನಿವ್ಯಾಕ್ ಕಂಪ್ಯೂಟರಿಗೆ ಅವರು ಬರೆದ ಎ-ಝೀರೋ ಅನ್ನೋ ಪ್ರೋಗ್ರಾಮಿಗೆ ಯಾವ ತುಣುಕು ಬೇಕು ಅಂತ ನಂಬರ್ ಕೊಟ್ಟರೆ ಸಾಕು. ಅದೇ ಟೇಪಿನಿಂದ ಹುಡುಕಿ, ಕೂಡಿಸಿ, ಒಂದು ಪ್ರೋಗ್ರಾಂ ಮಾಡಿ ಕೊಡ್ತಿತ್ತು. ಅದನ್ನ ಅವರು ಕರೆದದ್ದು ಕಂಪೈಲರ್ ಅಂತ. ಇಂಜಿನಿಯರಿಂಗ್ ಓದೋರು ದಿನಾ ಬಳಸೋ ಪದ. ಆದರೆ ಅದರ ಮೂಲ ಅರ್ಥ ಸಂಕಲನ ಮಾಡೋದು. ನಾವು ಕವನ ಸಂಕಲನ, ಕಥಾ ಸಂಕಲನ ಅಂತೀವಲ್ಲ, ಅದೇ. ಬೇರೆಬೇರೆ ಕಡೆಯದನ್ನ ಆಯ್ದು ಒಂದು ಕಡೆ ಸೇರಿಸೋದು. ಭಾಷೆಯಿಂದ ಭಾಷೆಗೆ ತರ್ಜುಮೆ ಮಾಡೋ ಅರ್ಥ ಆ ಪದಕ್ಕೆ ಅಂಟಿಕೊಂಡದ್ದು ಆಮೇಲೆ.

ಮೂರಕ್ಷರದ ಕಮಾಂಡು

ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1962ರಲ್ಲಿ. ಅದಾಗಿ ಏಳು ವರ್ಷಕ್ಕೆ, 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಗೆಳೆಯರು ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟೋಕೆ ಕೂತರು. ಅದರ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರ್ 3ರಂದು. ಆ ಕೈಪಿಡಿಯಲ್ಲೇ ಕ್ಯಾಟ್ ಅನ್ನೋ ಕಮಾಂಡು ಇದೆ.

ಬೆಕ್ಕಿಗೂ ಇದಕ್ಕೂ ಸಂಬಂಧ ಇಲ್ಲ. ಒಂದಕ್ಕೊಂದು ಸರಪಳಿಯ ಹಾಗೆ ಪೋಣಿಸೋದು ಅನ್ನೋ ಅರ್ಥದ ಉದ್ದನೆ ಇಂಗ್ಲಿಷ್ ಪದವನ್ನ ಮೂರಕ್ಷರಕ್ಕೆ ಇಳಿಸಿದ್ದು. ಕ್ಯಾಟ್ ಅಂತ ಬರೆದು, ಫೈಲುಗಳ ಹೆಸರು ಬರೆದು, ಬಲಕ್ಕೆ ಮುಖ ಮಾಡಿದ ಬಾಣದ ಗುರುತು ಹಾಕಿ, ಹೊಸ ಫೈಲಿನ ಹೆಸರು ಕೊಟ್ಟರೆ ಮುಗೀತು. ಮೊದಲ ಫೈಲು, ಅದರ ಬಾಲಕ್ಕೆ ಎರಡನೆಯದು, ಅದರ ಬಾಲಕ್ಕೆ ಮೂರನೆಯದು ಸೇರಿ ಒಂದು ಫೈಲು ಆಗುತ್ತೆ. ಲ್ಯಾಪ್‌ಟಾಪ್ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಅನ್ನೋ ಆ್ಯಪ್ ಇದೆ, ಅದನ್ನ ಹಾಕ್ಕೊಂಡ್ರೆ ಈ ಐವತ್ತು ವರ್ಷದ ಹಳೇ ಕಮಾಂಡು ನಿಮ್ಮ ಫೋನಿನಲ್ಲೂ ಓಡುತ್ತೆ.

ಒಂದು ಎಚ್ಚರ. ಹೊಸ ಫೈಲಿಗೆ ಹೊಸ ಹೆಸರೇ ಕೊಡಿ. ಕೂಡಿಸ್ತಿರೋ ಫೈಲುಗಳಲ್ಲೇ ಒಂದರ ಹೆಸರನ್ನ ಬಾಣದ ಆಚೆ ಬರೆದ್ರೆ, ಸಿಸ್ಟಮ್ಮು ಮೊದಲು ಆ ಫೈಲನ್ನ ಖಾಲಿ ಮಾಡುತ್ತೆ, ಆಮೇಲೆ ಕೂಡಿಸೋಕೆ ಹೋಗುತ್ತೆ. ಅಷ್ಟರಲ್ಲಿ ನೀವು ಬರೆದದ್ದು ಹೋಗಿರುತ್ತೆ. ಕೇಳೋದೂ ಇಲ್ಲ, ಹೇಳೋದೂ ಇಲ್ಲ.

ಕ್ಯಾಟ್ ಬಹಳ ಪ್ರಾಮಾಣಿಕ ಕಮಾಂಡು. ಹೇಳಿದಷ್ಟೇ ಮಾಡುತ್ತೆ, ಒಳಗೆ ಏನಿದೆ ಅಂತ ನೋಡಲ್ಲ. ತೊಂದರೆ ಬರೋದು ಅಲ್ಲೇ.

ಮೊದಲ ತೊಂದರೆ ಸೇರುವ ಜಾಗದ್ದು. ಒಂದು ಫೈಲಿನ ಕೊನೇ ಸಾಲಿನ ಮುಂದೆ ಎಂಟರ್ ಒತ್ತಿರಲಿಲ್ಲ ಅನ್ನಿ. ಎರಡನೇ ಫೈಲಿನ ಮೊದಲ ಸಾಲು ಬಂದು ಅದಕ್ಕೇ ಅಂಟಿಕೊಳ್ಳುತ್ತೆ. ಆ ಕೊನೇ ಸಾಲು ಎರಡು ಓರೆಗೆರೆ ಹಾಕಿ ಬರೆದ ಟಿಪ್ಪಣಿ ಆಗಿದ್ರೆ ಅಂಟಿಕೊಂಡ ಸಾಲೂ ಟಿಪ್ಪಣಿಯೇ ಆಗಿಬಿಡುತ್ತೆ, ಅಂದ್ರೆ ಓಡೋದೇ ಇಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಇನ್ನೊಂದು ಬಗೆ. ಮೊದಲ ಫೈಲಿನ ಕೊನೆಗೆ ಸೆಮಿಕೋಲನ್ ಬಿಟ್ಟುಹೋಗಿ, ಮುಂದಿನ ಫೈಲು ಆವರಣ ಚಿಹ್ನೆಯಿಂದ ಶುರುವಾದ್ರೆ, ಎರಡೂ ಸೇರಿ ಯಾರೂ ಬರೆಯದ ಮೂರನೇ ಅರ್ಥ ಹುಟ್ಟುತ್ತೆ. ಬಿಡಿಯಾಗಿದ್ದಾಗ ಎರಡು ಫೈಲೂ ಸರಿ. ಕೂಡಿದ ಮೇಲೆ ತಪ್ಪು.

ಎರಡನೇದು ಕ್ರಮ. ಮುದ್ದೆ ಮಾಡೋರಿಗೆ ಗೊತ್ತು, ಎಸರು ಕುದಿಯೋಕೆ ಮೊದಲೇ ರಾಗಿ ಹಿಟ್ಟು ಸುರಿದ್ರೆ ಏನಾಗುತ್ತೆ ಅಂತ. ಸಾಮಾನು ಅದೇ, ಅಳತೆ ಅದೇ, ಕ್ರಮ ತಪ್ಪಿದ್ದಕ್ಕೆ ಗಂಟು. ಒಂದು ಫೈಲಿನಲ್ಲಿರೋ ಮಾತು ಇನ್ನೊಂದರ ಮೇಲೆ ನಿಂತಿದ್ರೆ, ಆ ಇನ್ನೊಂದು ಮೊದಲು ಬರಬೇಕು. ಯಾವುದು ಯಾರ ಮೇಲೆ ನಿಂತಿದೆ ಅಂತ ನೋಡಿ ಸಾಲು ಹಚ್ಚೋಕೆ ಯೂನಿಕ್ಸ್‌ನಲ್ಲಿ ಟಿಸಾರ್ಟ್ ಅಂತ ಬೇರೆ ಕಮಾಂಡೇ ಬಂತು. 1979ರ ಏಳನೇ ಆವೃತ್ತಿಯಲ್ಲಿ ಅದು ಇತ್ತು, ಇವತ್ತಿನ ಲಿನಕ್ಸಿನಲ್ಲೂ ಇದೆ.

ಮೂರನೇದು, ಕನ್ನಡದಲ್ಲಿ ಬರೆಯೋರಿಗೆ ಹತ್ತಿರದ್ದು. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಮೊದಲ ಆವೃತ್ತಿಯಲ್ಲೇ. ಆದರೆ ಅದು ಎಲ್ಲರ ಕಂಪ್ಯೂಟರಿಗೂ ಬರೋಕೆ ವರ್ಷಗಳೇ ಹಿಡಿದ್ವು. ಅಲ್ಲೀತನಕ ನುಡಿ ಥರದ ತಂತ್ರಾಂಶದ ಹಳೇ ಫಾಂಟಿನಲ್ಲಿ ಲಕ್ಷಾಂತರ ಫೈಲು ತಯಾರಾದ್ವು. ಹಳೇ ನುಡಿ ಫೈಲು ಒಂದು, ಯೂನಿಕೋಡ್ ಫೈಲು ಒಂದು ತಗೊಂಡು ಕ್ಯಾಟ್ ಮಾಡಿ ನೋಡಿ. ಅರ್ಧ ಕನ್ನಡ, ಅರ್ಧ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿ. ಕ್ಯಾಟ್‌ಗೆ ಎರಡೂ ಒಂದೇ. ಅದಕ್ಕೆ ಕಾಣೋದು ಬೈಟ್ ಮಾತ್ರ, ಭಾಷೆ ಕಾಣಲ್ಲ.

ಎರಡೂ ಯೂನಿಕೋಡ್ ಆಗಿದ್ರೂ ಒಂದು ಹುಳ ಇರುತ್ತಿತ್ತು. ವಿಂಡೋಸಿನ ಹಳೇ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಅಂತ ಸೇವ್ ಮಾಡಿದ್ರೆ ಫೈಲಿನ ತಲೆಗೆ ಮೂರು ಬೈಟಿನ ಒಂದು ಗುಪ್ತ ಗುರುತು ಸೇರ್ತಿತ್ತು. ಅದಕ್ಕೆ ಬಿಓಎಂ ಅಂತಾರೆ. ಫೈಲಿನ ತಲೆಯಲ್ಲಿದ್ದಾಗ ತೊಂದರೆ ಕಡಿಮೆ. ಹತ್ತು ಫೈಲು ಕೂಡಿಸಿದಾಗ ಒಂಬತ್ತು ಗುರುತು ನಡುವೆ ಬಂದು ಕೂರುತ್ತೆ. ಕಣ್ಣಿಗೆ ಕಾಣಲ್ಲ, ಕಂಪೈಲರಿಗೆ ಮಾತ್ರ ಚುಚ್ಚುತ್ತೆ. ಸಾಲು ಸರಿಯಾಗೇ ಇದೆ, ಎರರ್ ಯಾಕೆ ಅಂತ ತಲೆ ಕೆರ್ಕೊಂಡವರು ಬೇಕಾದಷ್ಟು ಜನ. 2019ರಿಂದ ನೋಟ್‌ಪ್ಯಾಡ್ ತಾನಾಗೇ ಆ ಗುರುತು ಹಾಕೋದು ಬಿಡ್ತು. ಹಳೇ ಫೈಲುಗಳಲ್ಲಿ ಅದು ಇನ್ನೂ ಕೂತಿದೆ.

ಒಂದೇ ಫೈಲು ಕೊಡಿ ಅನ್ನೋ ಸ್ಪರ್ಧೆಗಳು

ಸುಮ್ಮನೆ ಅಂಟಿಸೋದರಿಂದ ಬುದ್ಧಿವಂತಿಕೆಯಿಂದ ಕೂಡಿಸೋದಕ್ಕೆ ಹೋಗೋಕೆ ಮೊದಲ ಮೆಟ್ಟಿಲು ಸಿ ಭಾಷೆಯಲ್ಲಿ ಬಂತು. 1972-73ರ ಸುಮಾರಿಗೆ ಡೆನಿಸ್ ರಿಚಿ ಅದಕ್ಕೆ ಇನ್‌ಕ್ಲೂಡ್ ಅನ್ನೋ ಸೌಲಭ್ಯ ಸೇರಿಸಿದರು. ಒಂದು ಫೈಲಿನೊಳಗೆ ಇನ್ನೊಂದರ ಹೆಸರು ಬರೆದ್ರೆ ಸಾಕು, ಕಂಪೈಲ್ ಆಗೋಕೆ ಮೊದಲು ಅದರ ಪೂರ್ತಿ ವಿಷಯ ಅಲ್ಲಿಗೆ ಬಂದು ಕೂರುತ್ತೆ. ಪಿಯುಸಿಯಲ್ಲಿ, ಡಿಪ್ಲೊಮಾದಲ್ಲಿ ಸಿ ಕಲಿತವರು ಮೊದಲ ಸಾಲಿನಲ್ಲೇ ಇದನ್ನ ಬರೆದಿರ್ತೀರಿ. ಅರ್ಥ ಮಾಡ್ಕೊಳ್ಳದೇನೂ ಬರೆದಿರಬಹುದು!

ಅದೇ ಫೈಲು ಎರಡು ದಾರಿಯಲ್ಲಿ ಬಂದ್ರೆ? ಮದುವೆ ಮನೆಗೆ ಗಂಡಿನ ಕಡೆಯಿಂದಲೂ ಹೆಣ್ಣಿನ ಕಡೆಯಿಂದಲೂ ಒಬ್ಬರೇ ನೆಂಟರು ಅಂದ್ರೆ ಎಲೆ ಎರಡು ಹಾಕಲ್ಲ. ಹಾಗೇ, ಈ ಫೈಲು ಆಗಲೇ ಬಂದಾಗಿದೆ, ಮತ್ತೆ ಬೇಡ ಅಂತ ಹೇಳೋ ಕಾವಲು ಸಾಲುಗಳನ್ನ ಪ್ರತಿ ಫೈಲಿನ ತಲೆಯಲ್ಲಿ ಬರೆಯೋ ರೂಢಿ ಬಂತು.

ಇದರಿಂದ ಹುಟ್ಟಿದ ಸಣ್ಣಸಣ್ಣ ಕಮಾಂಡ್ ಲೈನ್ ಸಾಧನಗಳು ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ನೇರವಾಗಿ ಬೇಕಾಗಿರೋವು. ಕೋಡ್‌ಫೋರ್ಸಸ್, ಅಟ್‌ಕೋಡರ್ ಥರದ ಆನ್‌ಲೈನ್ ಕೋಡಿಂಗ್ ಸ್ಪರ್ಧೆಗಳಿಗೆ ಉತ್ತರ ಕಳಿಸುವಾಗ ಒಂದೇ ಫೈಲು ಕಳಿಸಬೇಕು. ಹತ್ತು ಫೈಲಿನ ಫೋಲ್ಡರ್ ತಗೊಳಲ್ಲ. ಆದರೆ ಅಭ್ಯಾಸ ಮಾಡಿದವರ ಹತ್ತಿರ ತಮ್ಮದೇ ಬೀರು ಇರುತ್ತೆ. ಹತ್ತಿರದ ದಾರಿ ಹುಡುಕೋ ಕೋಡಿಗೆ ಒಂದು ಫೈಲು, ಅವಿಭಾಜ್ಯ ಸಂಖ್ಯೆಗೆ ಒಂದು. ಎರಡು ಗಂಟೆ ಸ್ಪರ್ಧೆಯಲ್ಲಿ ಅವನ್ನ ಕೈಯಲ್ಲಿ ಕಾಪಿ ಪೇಸ್ಟ್ ಮಾಡ್ತಾ ಕೂತರೆ ಸಮಯವೂ ಹೋಗುತ್ತೆ, ತಪ್ಪೂ ನುಸುಳುತ್ತೆ.

ಜಪಾನಿನ ಅಟ್‌ಕೋಡರ್ 2020ರಲ್ಲಿ ತನ್ನದೇ ಲೈಬ್ರರಿ ಬಿಡುಗಡೆ ಮಾಡ್ತು. ಅದರ ಜೊತೆ ಎಕ್ಸ್‌ಪ್ಯಾಂಡರ್ ಅನ್ನೋ ಪುಟ್ಟ ಪೈಥಾನ್ ಪ್ರೋಗ್ರಾಮನ್ನೂ ಕೊಟ್ಟಿದೆ. ನಿಮ್ಮ ಮುಖ್ಯ ಫೈಲನ್ನ ಅದಕ್ಕೆ ತೋರಿಸಿದ್ರೆ, ಲೈಬ್ರರಿಯ ಯಾವ ಯಾವ ತುಣುಕು ಕರೆದಿದ್ದೀರಿ ಅಂತ ನೋಡಿ, ಅವನ್ನ ಮಾತ್ರ ಒಳಗೆ ಬಿಡಿಸಿ, ಒಂದೇ ಫೈಲು ಬರೆದು ಕೊಡುತ್ತೆ. ಹೊಸ ಫೈಲಿನ ಹೆಸರೇ ಕಂಬೈನ್ಡ್. ಎಡ್‌ಸ್ಯಾಕ್ ಕಾಲದಲ್ಲಿ ಕೈಯಲ್ಲಿ ಮಾಡ್ತಿದ್ದ ಕೆಲಸ, ಒಂದು ಕ್ಷಣದಲ್ಲಿ.

ಇದರಲ್ಲಿ ನನಗೆ ಮುಖ್ಯ ಅನಿಸೋದು ಏನು ಅಂದ್ರೆ, ಒಂದೇ ಫೈಲು ಅನ್ನೋ ನಿಯಮ ಬಡವರ ಪರ ಇದೆ. ಸ್ಪರ್ಧೆಗೆ ಅಪ್‌ಲೋಡ್ ಮಾಡೋಕೆ ದೊಡ್ಡ ಸೆಟಪ್ ಬೇಡ, ಒಳ್ಳೇ ಲ್ಯಾಬ್ ಬೇಡ. ಮಳವಳ್ಳಿಯ ಹಳ್ಳಿಯೊಂದರಲ್ಲಿ ಫೋನಿನಲ್ಲೇ ಬರೆದವರ ಫೈಲೂ, ಬೆಂಗಳೂರಿನಲ್ಲಿ ಎರಡು ಸ್ಕ್ರೀನ್ ಇಟ್ಕೊಂಡು ಬರೆದವರ ಫೈಲೂ ಸರ್ವರಿಗೆ ಒಂದೇ ಥರ ಕಾಣುತ್ತೆ.

ಒಂದಾದ್ರೆ ವೇಗ

ಈಗ ಎಸ್‌ಕ್ಯೂಲೈಟಿಗೆ ವಾಪಸು ಬರೋಣ. ರಿಚರ್ಡ್ ಹಿಪ್ ಅನ್ನೋರು 2000ದಲ್ಲಿ ಶುರು ಮಾಡಿದ್ದು. ಆಗ ಅವರು ಅಮೆರಿಕದ ಯುದ್ಧನೌಕೆಯ ಒಂದು ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಇದರ ಕೋಡಿಗೆ ಯಾರ ಹಕ್ಕೂ ಇಲ್ಲ, ಸಾರ್ವಜನಿಕರ ಆಸ್ತಿ ಅಂತ ಬಿಟ್ಟಿದ್ದಾರೆ. ಇವತ್ತು ಜಗತ್ತಿನಲ್ಲಿ ಒಂದು ಲಕ್ಷ ಕೋಟಿಗೂ ಹೆಚ್ಚು ಎಸ್‌ಕ್ಯೂಲೈಟ್ ಡೇಟಾಬೇಸು ಬಳಕೆಯಲ್ಲಿರಬಹುದು ಅನ್ನೋದು ಅವರದೇ ಅಂದಾಜು.

ನೂರು ಫೈಲನ್ನ ಒಂದು ಮಾಡೋ ಕೆಲಸಕ್ಕೆ ಅವರಲ್ಲಿ ಒಂದು ಸ್ಕ್ರಿಪ್ಟ್ ಇದೆ. ಆ ಒಂದಾದ ಫೈಲಿಗೆ ಅವರು ಅಮಾಲ್ಗಮೇಷನ್ ಅಂತಾರೆ, ಅಂದ್ರೆ ಬೆಸುಗೆ. ಲಾಭ ಎರಡು. ಬಳಸೋರು ನೂರು ಫೈಲು ಎತ್ಕೊಂಡು ಓಡಾಡಬೇಕಿಲ್ಲ, ಒಂದನ್ನ ತಮ್ಮ ಪ್ರಾಜೆಕ್ಟಿಗೆ ಹಾಕ್ಕೊಂಡ್ರೆ ಆಯ್ತು. ಎರಡನೇದು, ಕಂಪೈಲರಿಗೆ ಇಡೀ ಕೋಡು ಒಟ್ಟಿಗೆ ಕಂಡಾಗ ಎಲ್ಲಿ ಹತ್ತಿರದ ದಾರಿ ಇದೆ ಅಂತ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತೆ. ಇದರಿಂದ ಪ್ರೋಗ್ರಾಂ ಶೇಕಡಾ 5ರಿಂದ 10ರಷ್ಟು ವೇಗವಾಗಿ ಓಡುತ್ತೆ ಅಂತ ಅವರು ಬರೆದಿದ್ದಾರೆ.

ತಮಾಷೆ ಏನು ಅಂದ್ರೆ, ಕೂಡಿಸಿದ್ದು ಅತಿಯಾದಾಗ ಮತ್ತೆ ಒಡೀಬೇಕಾಯ್ತು. ಕೆಲವು ಡೀಬಗ್ಗರುಗಳು ಸಾಲಿನ ನಂಬರನ್ನ 32,767ರ ಆಚೆಗೆ ಎಣಿಸಲ್ಲ. ಅಂಥವರಿಗೋಸ್ಕರ ಅದೇ ಫೈಲನ್ನ ಅಷ್ಟಷ್ಟೇ ಸಾಲಿನ ನಾಲ್ಕಾರು ತುಂಡು ಮಾಡಿ ಕೊಡೋ ವ್ಯವಸ್ಥೆಯೂ ಇದೆ.

ವೆಬ್‌ಸೈಟುಗಳ ಕಥೆಯಲ್ಲೂ ವೇಗದ್ದೇ ಮಾತು. ಸಂತೆಗೆ ಹೋಗೋರು ಚೀಟಿ ಬರ್ಕೊಂಡು ಎಲ್ಲ ಸಾಮಾನೂ ಒಂದೇ ಸಲ ತರ್ತಾರೆ. ಉಪ್ಪಿಗೆ ಒಂದು ಸಲ, ಮೆಣಸಿನಕಾಯಿಗೆ ಒಂದು ಸಲ ಹೋಗಲ್ಲ. ಹಳೇ ವೆಬ್‌ಸೈಟು ಹಾಗೇ ಹೋಗಿ ಬರ್ತಿತ್ತು, ಒಂದೊಂದು ಜಾವಾಸ್ಕ್ರಿಪ್ಟ್ ಫೈಲಿಗೆ ಒಂದೊಂದು ಸಲ. ಬ್ರೌಸರು ಒಂದು ಸರ್ವರಿಗೆ ಒಟ್ಟಿಗೆ ಆರು ಸಂಪರ್ಕಕ್ಕಿಂತ ಹೆಚ್ಚು ತೆರೆಯುತ್ತಲೂ ಇರಲಿಲ್ಲ. 2007ರಲ್ಲಿ ಯಾಹೂ ಕಂಪನಿಯ ಸ್ಟೀವ್ ಸೌಡರ್ಸ್ ವೆಬ್ ವೇಗದ ಬಗ್ಗೆ ಪುಸ್ತಕ ಬರೆದಾಗ ಅವರ ಮೊದಲ ಸೂತ್ರವೇ ಸರ್ವರಿಗೆ ಹೋಗಿ ಬರೋದು ಕಡಿಮೆ ಮಾಡಿ ಅನ್ನೋದು. ಆಮೇಲೆ ಸಾಲುಸಾಲಾಗಿ ಸಾಧನಗಳು ಬಂದ್ವು. 2012ರಲ್ಲಿ ವೆಬ್‌ಪ್ಯಾಕ್, 2015ರಲ್ಲಿ ರೋಲಪ್, 2020ರಲ್ಲಿ ಇಎಸ್‌ಬಿಲ್ಡ್. ಇವುಗಳಿಗೆ ಬಂಡ್ಲರ್ ಅಂತ ಹೆಸರು. ನೂರಾರು ಫೈಲು ಓದಿ, ಕ್ರಮ ಹಚ್ಚಿ, ಬಳಸದ ಕೋಡನ್ನ ಉದುರಿಸಿ, ಒಂದೆರಡು ಫೈಲು ಕಟ್ಟಿ ಕೊಡ್ತವೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಬರೋಕೆ ಮೊದಲು ಹಳ್ಳಿ ಕಡೆ 2ಜಿಯಲ್ಲಿ ಪೇಜು ತೆರೆಯೋಕೆ ಕಾದವರಿಗೆ ಈ ಉಳಿತಾಯದ ಬೆಲೆ ಗೊತ್ತಿರುತ್ತೆ.

ಬೆರೆತ ಮೇಲೆ ಯಾರದು?

ಇಲ್ಲಿಗೆ ಕಥೆ ಮುಗಿದಿದ್ರೆ ಚೆನ್ನಾಗಿತ್ತು. ಕೂಡಿಸಿದ್ರೆ ಒಯ್ಯೋಕೆ ಸುಲಭ, ಓಡೋಕೆ ವೇಗ, ಎಲ್ಲರಿಗೂ ಸಮಾನ. ಆದರೆ ಒಂದು ನಷ್ಟವೂ ಇದೆ. ಅದಕ್ಕೇ ಹಾಲಿನ ಮಾತು ನೆನಪಿಟ್ಕೊಳ್ಳಿ ಅಂದದ್ದು.

ನಮ್ಮ ಹಳ್ಳಿಗಳ ಡೈರಿಯಲ್ಲಿ ಬೆಳಗ್ಗೆ ಸಂಜೆ ಸಾಲು ನಿಲ್ತಾರೆ. ಒಬ್ಬೊಬ್ಬರ ಹಾಲನ್ನೂ ಅಳೀತಾರೆ, ಸ್ಯಾಂಪಲ್ ತೆಗೀತಾರೆ, ಫ್ಯಾಟ್ ಎಷ್ಟು ಅಂತ ನೋಡ್ತಾರೆ, ಬರ್ಕೊಳ್ತಾರೆ. ಆಮೇಲೆ ತಾನೇ ಕ್ಯಾನಿಗೆ ಸುರಿಯೋದು? ಕ್ಯಾನು ಟ್ಯಾಂಕರಿಗೆ, ಟ್ಯಾಂಕರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಮನ್‌ಮುಲ್ ಡೈರಿಗೆ. ಪರೀಕ್ಷೆ ಯಾಕೆ ಸುರಿಯೋಕೆ ಮೊದಲೇ ಆಗಬೇಕು? ಬೆರೆತ ಮೇಲೆ ನೀರು ಯಾರ ಚೆಂಬಿನದು ಅಂತ ಯಾರೂ ಹೇಳೋಕೆ ಆಗಲ್ಲ. ನೂರು ಮನೆಯ ಒಳ್ಳೇ ಹಾಲಿಗೂ ಅದೇ ಹೆಸರು ಬರುತ್ತೆ.

ಕೋಡೂ ಹಾಗೇ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್ ಒಂದು ಸುದ್ದಿ ಹೊರಗೆ ಹಾಕಿದರು. ತಮ್ಮ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆಗೋದು ಸುಮಾರು ಅರ್ಧ ಸೆಕೆಂಡು ತಡ ಆಗ್ತಿದೆ ಅಂತ ಅವರಿಗೆ ಅನುಮಾನ ಬಂದಿತ್ತು. ಅರ್ಧ ಸೆಕೆಂಡು! ಬಿಡದೆ ಬೆನ್ನು ಹತ್ತಿ ನೋಡಿದ್ರೆ, ಲಿನಕ್ಸಿನಲ್ಲಿ ಎಲ್ಲೆಲ್ಲೂ ಇರೋ ಎಕ್ಸ್‌ಝಡ್ ಅನ್ನೋ ಫೈಲು ಕುಗ್ಗಿಸೋ ಪ್ರೋಗ್ರಾಮಿನ 5.6.0 ಮತ್ತು 5.6.1 ಆವೃತ್ತಿಯೊಳಗೆ ಯಾರೋ ಕಳ್ಳದಾರಿ ಇಟ್ಟಿದ್ದರು. ಜಿಯಾ ಟಾನ್ ಅನ್ನೋ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೇ ಕೆಲಸ ಮಾಡಿ, ನಂಬಿಕೆ ಗಳಿಸಿ, ಆಮೇಲೆ ಇದನ್ನ ಸೇರಿಸಿದ್ದು.

ನಮ್ಮ ಕಥೆಗೆ ಮುಖ್ಯವಾದ ವಿಷಯ ಇಲ್ಲಿದೆ. ಎಲ್ಲರೂ ನೋಡೋಕೆ ಆಗೋ ಮೂಲ ಕೋಡಿನ ಜಾಗದಲ್ಲಿ ಆ ಕಳ್ಳದಾರಿಯ ಬೀಗ ತೆಗೆಯೋ ಸಾಲುಗಳು ಇರಲೇ ಇಲ್ಲ. ಅವು ಇದ್ದದ್ದು ಹಂಚೋಕೆ ಅಂತ ಎಲ್ಲ ಕೂಡಿಸಿ ಕಟ್ಟಿದ ಗಂಟಿನಲ್ಲಿ ಮಾತ್ರ. ಜನ ಮೂಲ ನೋಡಿ ಸರಿಯಾಗಿದೆ ಅಂದುಕೊಂಡರು, ಗಂಟು ತಗೊಂಡು ಹೋದರು. ಎರಡೂ ಒಂದೇ ಅಂತ ನಂಬಿದ್ದರು. ಟ್ಯಾಂಕರ್ ದಾರಿಯಲ್ಲಿ ನಿಂತಾಗ ಏನಾಯ್ತು ಅಂತ ನೋಡೋರು ಇರಲಿಲ್ಲ ಅನ್ನೋ ಹಾಗೆ.

ಇನ್ನೊಂದು ನಷ್ಟ ಹೆಸರಿನದು. ಯಾರೋ ಬರೆದ ಕೋಡನ್ನ ಉಚಿತವಾಗಿ ಬಳಸೋಕೆ ಬಿಟ್ಟಿರ್ತಾರೆ. ಅವರು ಕೇಳೋದು ಒಂದೇ, ನಮ್ಮ ಹೆಸರು ಮತ್ತು ಪರವಾನಗಿಯ ನಾಲ್ಕು ಸಾಲು ಜೊತೆಗಿರಲಿ ಅಂತ. ಎಂಐಟಿ ಪರವಾನಗಿಯ ಶರತ್ತೇ ಅದು. ಕೂಡಿಸೋ ಸಾಧನ ಟಿಪ್ಪಣಿಗಳನ್ನೆಲ್ಲ ಕಿತ್ತು ಹಾಕಿದ್ರೆ ಆ ನಾಲ್ಕು ಸಾಲೂ ಹೋಗುತ್ತೆ. ಅದಕ್ಕೇ ಈಗಿನ ವೆಬ್‌ಪ್ಯಾಕ್ ಪರವಾನಗಿ ಸಾಲುಗಳನ್ನ ಆಯ್ದು ಪಕ್ಕದಲ್ಲೇ ಬೇರೆ ಫೈಲಿನಲ್ಲಿ ಬರೆದಿಡುತ್ತೆ. ಯಾವ ಸಾಲು ಯಾವ ಫೈಲಿನಿಂದ ಬಂತು ಅಂತ ತಿಳಿಸೋಕೆ ಸೋರ್ಸ್ ಮ್ಯಾಪ್ ಅನ್ನೋ ನಕ್ಷೆ ಬಂದಿದೆ. ಡೈರಿಯ ಪಾಸ್‌ಬುಕ್ಕು ಇದ್ದ ಹಾಗೆ, ಹಾಲು ಬೆರೆತರೂ ಲೆಕ್ಕ ಬೆರೆಯಲ್ಲ.

ಆದರೆ ಕೂಡಿಸೋದೇ ತಪ್ಪು ಅಂತಲೂ ಹೇಳೋಕಾಗಲ್ಲ. 2016ರ ಮಾರ್ಚ್ 22ರಂದು ಲೆಫ್ಟ್‌ಪ್ಯಾಡ್ ಅನ್ನೋ ಬರೀ 11 ಸಾಲಿನ ಕೋಡನ್ನ ಬರೆದವರು ಇಂಟರ್ನೆಟ್ಟಿನಿಂದ ತೆಗೆದು ಹಾಕಿದರು. ಅದರ ಮೇಲೆ ನಿಂತಿದ್ದ ಜಗತ್ತಿನ ದೊಡ್ಡದೊಡ್ಡ ಪ್ರಾಜೆಕ್ಟುಗಳು ಕೆಲವು ಗಂಟೆ ಕಟ್ಟೋಕೆ ಆಗದೆ ನಿಂತ್ವು. ಆ 11 ಸಾಲನ್ನ ತಮ್ಮ ಮನೆಯೊಳಗೇ ಇಟ್ಕೊಂಡಿದ್ದವರಿಗೆ ಏನೂ ಆಗಲಿಲ್ಲ. ಬೇರೆಯವರ ಬೀರು ಯಾವತ್ತೂ ತೆರೆದೇ ಇರುತ್ತೆ ಅಂತ ನಂಬೋದೂ ಕಷ್ಟ.

ಈಗಿನ ಕಾಲದ ಹೊಸ ರೂಢಿ ಒಂದಿದೆ. ಪ್ರಾಜೆಕ್ಟಿನ ಫೈಲುಗಳನ್ನೆಲ್ಲ ಒಂದು ಕಮಾಂಡಿನಲ್ಲಿ ಒಂದು ಟೆಕ್ಸ್ಟ್ ಫೈಲು ಮಾಡಿ, ಎಐ ಚಾಟ್‌ಬಾಟಿಗೆ ಪೇಸ್ಟ್ ಮಾಡಿ, ತಪ್ಪು ಹುಡುಕಿ ಕೊಡು ಅಂತ ಕೇಳೋದು. ಒಳ್ಳೇ ಉಪಾಯವೇ. ಆದರೆ ಆ ಫೋಲ್ಡರಿನಲ್ಲಿ ಪಾಸ್‌ವರ್ಡ್ ಇಟ್ಟ ಫೈಲೂ ಇರುತ್ತೆ, ಪೇಮೆಂಟ್ ಗುಪ್ತ ಕೀಯೂ ಇರುತ್ತೆ. ಕ್ಯಾಟ್ ಒಳಗೆ ನೋಡಲ್ಲ ಅಂತ ಆಗಲೇ ಹೇಳಿದ್ನಲ್ಲ. ಎಲ್ಲ ಹಾಲೂ ಒಂದೇ ಕ್ಯಾನಿಗೆ ಅಂದ್ರೆ ಮನೆ ಚಾವಿಯೂ ಅದರಲ್ಲೇ ಬಿದ್ದಿರಬಹುದು.

ಹಾಗಾದ್ರೆ ಏನು ಮಾಡಬೇಕು? ಎಪ್ಪತ್ತೈದು ವರ್ಷದ ಅನುಭವ ನಾಲ್ಕು ಮಾತಿನಲ್ಲಿ ಮುಗಿಯುತ್ತೆ. ಬರೆಯೋದು ಬಿಡಿಬಿಡಿಯಾಗೇ ಇರಲಿ. ಕೂಡಿಸೋದನ್ನ ಪ್ರತಿ ಸಲ ಕಮಾಂಡಿಗೇ ಬಿಡಿ, ಕೂಡಿಸಿದ ಫೈಲಿಗೆ ಕೈ ಹಾಕಿ ತಿದ್ದಬೇಡಿ. ತಿದ್ದೋದಿದ್ರೆ ಮೂಲದಲ್ಲಿ ತಿದ್ದಿ, ಮತ್ತೆ ಕೂಡಿಸಿ. ಸುರಿಯೋಕೆ ಮೊದಲು ಪರೀಕ್ಷೆ ಮಾಡಿ. ಎಲ್ಲಿಂದ ಬಂತು, ಯಾರು ಬರೆದದ್ದು ಅನ್ನೋದನ್ನ ಒಂದು ಸಾಲಿನಲ್ಲಾದರೂ ಬರೆದಿಡಿ. ಕೊನೇ ವರ್ಷದ ಪ್ರಾಜೆಕ್ಟನ್ನ ಪೆನ್‌ಡ್ರೈವ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸೋ ಗೆಳೆಯರಿಗೆ ಕೊನೇ ಮಾತು ವಿಶೇಷವಾಗಿ. ವೈವಾದಲ್ಲಿ ಈ ಸಾಲು ಯಾಕೆ ಇದೆ ಅಂತ ಕೇಳಿದಾಗ ಉತ್ತರ ಕೊಡೋಕಾಗದೇ ಇದ್ರೆ, ಆ ಫೈಲು ನಿಮ್ಮ ಕೈಯಲ್ಲಿದ್ರೂ ನಿಮ್ಮದಲ್ಲ.

ಮದ್ದೂರಿನ ಪಕ್ಕದಲ್ಲಿ ಹರಿಯೋ ಶಿಂಷಾ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಸೇರುತ್ತೆ. ಅಲ್ಲಿಂದ ಮುಂದೆ ಎಲ್ಲರೂ ಕಾವೇರಿ ಅಂತಲೇ ಕರೀತಾರೆ. ಆದರೂ ಶಿಂಷಾ ಎಲ್ಲಿ ಹುಟ್ಟುತ್ತೆ, ಎಲ್ಲಿ ಬಂದು ಸೇರುತ್ತೆ ಅಂತ ದಡದಲ್ಲಿರೋರು ಮರೆತಿಲ್ಲ. ಕೋಡಿನ ವಿಷಯದಲ್ಲಿ ನಾವೂ ಅಷ್ಟು ನೆನಪು ಇಟ್ಕೊಂಡ್ರೆ ಸಾಕು.

ಈ ಕಂತು ಇಷ್ಟ ಆದ್ರೆ ಕೋಡ್ ಬರೆಯೋ ಒಬ್ಬ ಗೆಳೆಯನಿಗೋ ಗೆಳತಿಗೋ ಕಳಿಸಿ. ಫೋನಿನಲ್ಲಿ ಕ್ಯಾಟ್ ಓಡಿಸಿ ನೋಡಿ, ಎರಡು ಕನ್ನಡ ಫೈಲು ಕೂಡಿಸಿ. ಹೊಸ ಫೈಲಿಗೆ ಹೊಸ ಹೆಸರು ಕೊಡೋದು ಮಾತ್ರ ಮರೀಬೇಡಿ.